ಬೀಗದ ಕೈಗೆ ಕೈತುತ್ತು

ಎರಡನೇ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ ಮೈಕು ಗಂಟಲು ಸರಿಮಾಡಿಕೊಂಡಿತು. "ಗೇಟಿಗೆ ಅಡ್ಡ ನಿಲ್ಲಿಸಿರುವ ಬಿಳಿ ಕಾರಿನವರು ದಯವಿಟ್ಟು ಕೂಡಲೇ ಬಂದು ತೆಗೆಯಬೇಕಾಗಿ ವಿನಂತಿ." ಮೈಸೂರಿನ ಕಲ್ಯಾಣ ಮಂಟಪಗಳಲ್ಲಿ ಪುರೋಹಿತರ ಮಂತ್ರಕ್ಕಿಂತ ಸ್ಪಷ್ಟವಾಗಿ ಕೇಳಿಬರುವ ಮಂತ್ರವಿದು. ರಾಯರು ಬೇರೆ ಯಾರಿಗೋ ಹೇಳುತ್ತಿದ್ದಾರೆಂದು ಹೋಳಿಗೆ ಮುರಿದರು. ಎರಡನೇ ಸಲ ನಂಬರೂ ಬಂತು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರಿಗೆ ನಂಬರೆಂದರೆ ಭಯಭಕ್ತಿ. ಎಂಜಲು ಕೈಯಲ್ಲೇ ಎದ್ದರು.

ಎಡಗೈಯಲ್ಲಿ ಕೀ ತೆಗೆದು ಒತ್ತಿದರು. ದಿನವೂ ಹತ್ತು ಹೆಜ್ಜೆ ದೂರದಿಂದಲೇ ಕಣ್ಣು ಮಿಟುಕಿಸುತ್ತಿದ್ದ ಕಾರು ಅಪರಿಚಿತರನ್ನು ಕಂಡಂತೆ ಸುಮ್ಮನೆ ನಿಂತಿತ್ತು.

ಎರಡು ವಾರದಿಂದ ಡ್ಯಾಶ್‌ಬೋರ್ಡು 'ಕೀ ಬ್ಯಾಟರಿ ಮುಗಿಯುತ್ತಿದೆ' ಎಂದು ಹೇಳುತ್ತಲೇ ಇತ್ತು. ಬೆಲ್ಟ್ ಹಾಕಿ, ಬಾಗಿಲು ಸರಿಯಾಗಿ ಮುಚ್ಚಿ ಎಂದು ದಿನವೂ ಗೊಣಗುವ ಯಂತ್ರ. ರಾಯರು ಮನೆಯಲ್ಲಿ ಹೆಂಡತಿಯ ಮಾತಿಗೆ ಕೊಡುವಷ್ಟೇ ಗಮನ ಅದಕ್ಕೂ ಕೊಟ್ಟಿದ್ದರು.

ಸಲಹೆಗೆ ಬರವಿರಲಿಲ್ಲ. "ಅಂಗೈಗೆ ಎರಡು ಸಲ ಬಡೀರಿ ಸಾರ್" ಎಂದರೊಬ್ಬರು. ಟೀವಿ ರಿಮೋಟಿನ ಕಾಲದಿಂದ ಬಂದ ಮನೆಮದ್ದು. "ಬಿಸಿಲಿಗಿಡಿ" ಎಂದರು ಇನ್ನೊಬ್ಬ ಹಿರಿಯರು. ಟಾರ್ಚಿನ ಶೆಲ್ಲುಗಳನ್ನು ಹಪ್ಪಳ ಸಂಡಿಗೆಯ ಪಕ್ಕ ಒಣಗಿಸಿದ ತಲೆಮಾರು ಅವರದು. ಅದೇನೂ ಪೂರ್ತಿ ಮೂಢನಂಬಿಕೆಯಲ್ಲ: ಹಳೆಯ ಸತುವಿನ ಶೆಲ್ಲಿಗೆ ಕಾವು ತಾಗಿದರೆ ಒಳಗಿನ ರಾಸಾಯನಿಕ ಕ್ರಿಯೆ ಸ್ವಲ್ಪ ಹೊತ್ತು ಚುರುಕಾಗಿ, ಇನ್ನೊಂದು ರಾತ್ರಿಯ ಬೆಳಕಿಗಾಗುತ್ತಿತ್ತು. ಕೀಯೊಳಗಿನ ಲಿಥಿಯಂ ಸೆಲ್ಲಿಗೆ ಆ ಉಪಚಾರ ನಡೆಯುವುದಿಲ್ಲ.

ಬೆಂಗಳೂರಿನಿಂದ ಬಂದಿದ್ದ ಹುಡುಗನೊಬ್ಬ "ಗದ್ದಕ್ಕೆ ಒತ್ತಿ ಹಿಡ್ಕೊಂಡು ಬಟನ್ ಅದುಮಿ ಅಂಕಲ್" ಎಂದಾಗ ಎಲ್ಲರೂ ನಕ್ಕರು. ತಮಾಷೆಯೆಂದರೆ ಅಷ್ಟೂ ಸಲಹೆಗಳಲ್ಲಿ ವಿಜ್ಞಾನಕ್ಕೆ ಹತ್ತಿರವಿದ್ದದ್ದು ಅದೊಂದೇ. ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರೋಜರ್ ಬೌಲಿ ಇದನ್ನು ಮಾಡಿಯೇ ತೋರಿಸಿದ್ದಾರೆ. ತಲೆಯೊಳಗಿನ ನೀರು ರೇಡಿಯೋ ಅಲೆಗೆ ಸ್ಪಂದಿಸಿ ಕೀಯ ಸಂಕೇತವನ್ನು ಇನ್ನಷ್ಟು ದೂರ ಮುಟ್ಟಿಸುತ್ತದೆ. ನೀರು ತುಂಬಿದ ದೊಡ್ಡ ಬಾಟಲಿಯೂ ಅದೇ ಕೆಲಸ ಮಾಡುತ್ತದಂತೆ. ತಲೆಗೆ ಅದಕ್ಕಿಂತ ಹೆಚ್ಚಿನ ಅರ್ಹತೆ ಬೇಕಿಲ್ಲ. ರಾಯರು ಗದ್ದಕ್ಕೆ ಒತ್ತಿದರು. ಕ್ಷೀಣಿಸಿದ ಸೆಲ್ಲಿಗೆ ತಲೆ ನೆರವಾದೀತು, ಸತ್ತದ್ದಕ್ಕೆ ಏನು ಮಾಡೀತು?

ಕೊನೆಗೆ ಒಳಗೆ ಸಿಕ್ಕಿಕೊಂಡಿದ್ದ ತರಕಾರಿ ಟೆಂಪೋದ ಚಾಲಕನೇ ಕೀ ಇಸಿದುಕೊಂಡ. ಪಕ್ಕದ ಚಿಕ್ಕ ಕೊಂಡಿ ಸರಿಸಿದ್ದೇ ತಡ, ಒಳಗಿನಿಂದ ಲೋಹದ ಕೀ ಜಾರಿ ಬಂತು. ನಾಲ್ಕು ವರ್ಷ ಜೇಬಿನಲ್ಲೇ ಇದ್ದ ಅದರ ಮುಖವನ್ನು ರಾಯರು ನೋಡಿದ್ದು ಅಂದೇ ಮೊದಲು. ಬಾಗಿಲು ತೆರೆಯಿತು, ಕಾರು ಕಳ್ಳ ಬಂದನೆಂದು ನಾಗಸ್ವರದವರೊಡನೆ ಜುಗಲ್‌ಬಂದಿಗೆ ಇಳಿಯಿತು. "ಈಗ ಕೀನ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಒತ್ತಿ." ಒತ್ತಿದರು. ಎಂಜಿನ್ನು ಎದ್ದಿತು, ಕಿರುಚಾಟ ನಿಂತಿತು.

ಇದರ ಗುಟ್ಟು ಸೊಗಸಾಗಿದೆ. ಸೆಲ್ಲು ಸಾಯಬಹುದೆಂದು ಗೊತ್ತಿದ್ದೇ ಎಂಜಿನಿಯರುಗಳು ಕೀಯೊಳಗೆ ಸೆಲ್ಲು ಬೇಡದ ಚಿಪ್ಪೊಂದನ್ನೂ ಇಟ್ಟಿರುತ್ತಾರೆ. ಕಾರಿನ ಕಡೆಯ ತಂತಿಸುರುಳಿ ಸುಮಾರು 125 ಕಿಲೋಹರ್ಟ್ಸ್ ಅಲೆ ಹೊರಡಿಸುತ್ತದೆ. ಹತ್ತಿರ ಹಿಡಿದ ಚಿಪ್ಪು ಅದರಿಂದಲೇ ಚೂರು ವಿದ್ಯುತ್ತು ಪಡೆದು ತನ್ನ ಗುರುತು ಹೇಳುತ್ತದೆ. ಹಸಿದ ಬೀಗದ ಕೈಗೆ ಕಾರೇ ಕೈತುತ್ತು ಕೊಟ್ಟಂತೆ. 1982ರಲ್ಲಿ ಫ್ರಾನ್ಸಿನ ರೆನೋ ಫ್ಯುಯೇಗೊ ಕಾರಿಗೆ ಪಾಲ್ ಲಿಪ್‌ಶುಟ್ಸ್ ಕಂಡುಹಿಡಿದ ರಿಮೋಟು ಬಂದಾಗ ಅಲ್ಲಿನ ಜನ ಅವರ ಹೆಸರನ್ನೇ ಮೊಟಕುಗೊಳಿಸಿ ಅದನ್ನು 'ಪ್ಲಿಪ್' ಎಂದರು. ನಾವಾದರೋ ಮೊದಲಿನಿಂದಲೂ 'ಕೈ' ಎಂದೇ ಕರೆದವರು. ರಾಯರ ಅಜ್ಜಿಯ ಸೊಂಟದಲ್ಲಿದ್ದ ಕಬ್ಬಿಣದ ಕೈ ಯಾರ ತುತ್ತನ್ನೂ ಬೇಡಲಿಲ್ಲ.

ಸರ್ವಿಸ್ ಸೆಂಟರೊಂದಕ್ಕೆ ಫೋನು ಮಾಡಿದರೆ "ಗಾಡಿ ತನ್ನಿ, ಚೆಕ್ ಮಾಡೋಣ" ಎಂದರು. ರಾಯರು ನೇರ ಗಡಿಯಾರದ ಅಂಗಡಿಗೆ ನಡೆದರು.

"ಸಿಆರ್ 2032 ಇರಬೇಕು" ಎಂದ ಅಂಗಡಿಯವನು.

"ಪರವಾಗಿಲ್ಲ, 2032ರವರೆಗೂ ಬರುತ್ತೋ!"

ಅದು ಇಸವಿಯಲ್ಲ. ಸಿ ಎಂದರೆ ಲಿಥಿಯಂ–ಮ್ಯಾಂಗನೀಸ್ ಡೈಆಕ್ಸೈಡ್ ಜಾತಿ, ಆರ್ ಎಂದರೆ ದುಂಡು, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅದರ ತಮ್ಮ 2025 ತೆಳ್ಳಗೆ, 2.5. ಇಬ್ಬರಿಗೂ ಮೂರೇ ವೋಲ್ಟು. ಆದರೆ ಅಣ್ಣನ ಜಾಗದಲ್ಲಿ ತಮ್ಮನನ್ನು ಕೂರಿಸಿದರೆ ಒಳಗೆ ಲೊಡಲೊಡ.

ಮನೆಯಲ್ಲಿ ಪೇಪರು ಹಾಸಿ ಶಸ್ತ್ರಚಿಕಿತ್ಸೆ ಶುರುವಾಯಿತು. ಚಾಕು ಜಾರಿತು, ಹೆಂಡತಿಯ ಹೇರ್‌ಪಿನ್ನು ಬಾಗಿತು. ಅಂಚಿನ ಸೀಳಿನಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ತಿರುಗಿಸಿದಾಗ ಕೀ 'ಟಪ್' ಎಂದು ಎರಡಾಯಿತು. ಒಳಗಿನಿಂದ ಮೊದಲು ಉದುರಿದ್ದು ಆಯುಧಪೂಜೆಯ ಕುಂಕುಮ ಮತ್ತು ಎರಡು ಕಾಳು ಅಕ್ಷತೆ.

"ರೀ, ಪ್ಲಸ್ ಯಾವ ಕಡೆ ಇತ್ತು ನೋಡ್ಕೊಂಡ್ರಾ?" ಹೆಂಡತಿ ಕೇಳಿದಾಗ ಸೆಲ್ಲು ಆಗಲೇ ಹೊರಗಿತ್ತು. ಪುಣ್ಯಕ್ಕೆ ಒಳಗೆ ಗುರುತು ಕೆತ್ತಿತ್ತು. ಮೊಮ್ಮಗ ಮೇಜಿನ ಹತ್ತಿರ ಬಂದಾಗ ಮಾತ್ರ ಆಕೆ ಗಟ್ಟಿಯಾಗಿ ಕೂಗಿ ಅವನನ್ನು ಎತ್ತಿಕೊಂಡರು. ಕೂಗಬೇಕಾದದ್ದೇ: ಮಗು ನುಂಗಿದ ಇಂಥ ಸೆಲ್ಲು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟ ಗಾಯ ಮಾಡಬಲ್ಲದು. ಅದಕ್ಕೆಂದೇ ಕೆಲವು ತಯಾರಕರು ಸೆಲ್ಲಿಗೆ ಕಹಿ ಸವರುತ್ತಾರೆ. ಈ ಅಪಾಯ ತಡೆಯಲೆಂದು 2022ರಲ್ಲಿ ಅಮೆರಿಕ ಕಾನೂನನ್ನೇ ಮಾಡಿತು. ಮಗುವಿಗೆ ಸಿಗಬಾರದೆಂದು ರಾಯರು ಹಳೆಯ ಸೆಲ್ಲನ್ನು ನಾಣ್ಯದ ಜೊತೆಗೇ ಜುಬ್ಬದ ಜೇಬಿಗೆ ಹಾಕಿಕೊಂಡರು.

ಗುಂಡಿ ಒತ್ತಿದರು. ಹೊರಗೆ ಕಾರು ಕಣ್ಣು ಮಿಟುಕಿಸಿತು. ಇನ್ನೊಮ್ಮೆ ಒತ್ತಿದರು. ಆಮೇಲೆ ಅಡುಗೆಮನೆಯಿಂದ, ಮಹಡಿಯಿಂದ, ಒಮ್ಮೆ ಗದ್ದಕ್ಕೆ ಹಿಡಿದೂ ಒತ್ತಿದರು. ಎದುರುಮನೆಯವರು ಕಿಟಕಿ ಮುಚ್ಚಿದರು.

ಸಂಜೆ ದೇವಸ್ಥಾನ. ಕಣ್ಣು ಮುಚ್ಚಿ ಮಂಗಳಾರತಿ ತೆಗೆದುಕೊಂಡು ಜೇಬಿಗೆ ಕೈ ಹಾಕಿ ತಟ್ಟೆಗೆ ಹಾಕಿದರು. 2019ರಲ್ಲಿ ಬಂದ ಒಂದು ರೂಪಾಯಿ ನಾಣ್ಯದ ಅಗಲವೂ 20 ಮಿಲಿಮೀಟರ್, ತೂಕವೂ ಸೆಲ್ಲಿನಷ್ಟೇ, ಮೂರು ಗ್ರಾಂ ಆಸುಪಾಸು. ಬೆರಳಿಗೆ ವ್ಯತ್ಯಾಸ ತಿಳಿಯಲಿಲ್ಲ. ಅರ್ಚಕರಿಗೆ ತಿಳಿಯಿತು. ಅವರು ಅದನ್ನು ಎತ್ತಿ ದೀಪದ ಬೆಳಕಿಗೆ ಹಿಡಿದು, ಸಿಂಹದ ತಲೆಯಿರಬೇಕಾದ ಕಡೆ ಇದ್ದ ಪ್ಲಸ್ ಗುರುತನ್ನು ನೋಡಿ, ದನಿ ತಗ್ಗಿಸಿ ಕೇಳಿದರು:

"ನಮ್ಮ ಕಾರಿಗೂ ಇದೇ ಹಾಕೋದು ರಾಯರೇ. ಹೊಸದೋ, ಹಳೇದೋ?"