ಹುಬ್ಬಿಗೊಂದು ಪರವಾನಗಿ

ಝೆರಾಕ್ಸ್ ಅಂಗಡಿಯವನಿಗೆ ಊರಿನ ಎಲ್ಲರ ಹಣೆಬರಹವೂ ಗೊತ್ತಿರುತ್ತದೆ. ಯಾರ ಹೊಲ ಯಾರ ಹೆಸರಿಗಿದೆ, ಯಾವ ಹುಡುಗ ಗಣಿತಕ್ಕೆ ಎಷ್ಟು ಸಲ ಕುಂತ, ಯಾವ ಗೌಡರ ವಯಸ್ಸು ಆಧಾರ್ ಕಾರ್ಡಿನಲ್ಲಿ ಒಂದು ಪಿಂಚಣಿ ಅರ್ಜಿಯಲ್ಲಿ ಇನ್ನೊಂದು, ಎಲ್ಲವೂ ನನ್ನ ಯಂತ್ರದ ಗಾಜಿನ ಮೇಲೆ ಬೋರಲು ಬಿದ್ದೇ ಮುಂದಕ್ಕೆ ಹೋಗಬೇಕು. ಅಂಗಡಿ ಯಾವ ಊರಲ್ಲಿದೆ ಎಂದು ಮಾತ್ರ ಹೇಳುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕರಲ್ಲಿ ಒಂದು ಅಂತ ತಿಳಿಯಿರಿ. ನಾಲ್ಕೂ ಕಡೆ ಬೀಗರಿದ್ದಾರೆ. ಒಂದು ಊರಿನ ಹೆಸರು ಬರೆದರೆ ಉಳಿದ ಮೂರು ಊರಿನವರು ಲಗ್ನದ ಕಾರ್ಡು ಕೊಡುವುದು ಬಿಡುತ್ತಾರೆ.

ಮೊದಲೆಲ್ಲ ಹೆಣ್ಣುಮಕ್ಕಳು ಡಿ.ಎಡ್. ಅರ್ಜಿಗೆ ಬರುತ್ತಿದ್ದರು, ಆಮೇಲೆ ಹೊಲಿಗೆ ಯಂತ್ರದ ಅರ್ಜಿಗೆ. ಈಗ ಮುಖಕ್ಕೆ ಸುತ್ತಿದ ಓಢಣಿ ಬಿಚ್ಚುವ ಮೊದಲೇ "ಕಾಕಾ, ಬ್ಯೂಟಿ ಪಾರ್ಲರ್ ಲೈಸೆನ್ಸ್ ತುಂಬಿ ಕೊಡ್ರಿ" ಅನ್ನುತ್ತಾರೆ. ಟ್ರ್ಯಾಕ್ಟರ್ ಓಡಿಸಲು ಒಂದು ಲೈಸೆನ್ಸ್ ಇರುವಾಗ ಕತ್ತರಿ ಓಡಿಸಲೂ ಒಂದು ಇರಲೇಬೇಕಲ್ಲ ಎಂಬುದು ಅವರ ಲೆಕ್ಕ. ನಾನು ಆ ನಂಬಿಕೆಯನ್ನು ಕೆಡಿಸಲು ಹೋಗಿಲ್ಲ, ಪುಟಕ್ಕೆ ಎರಡು ರೂಪಾಯಿಯ ವ್ಯಾಪಾರವಿದು. ಆದರೆ ನಮ್ಮಲ್ಲಿ ಲೈಸೆನ್ಸ್ ಸಿಗುವುದು ಅಂಗಡಿಗೆ, ಕೈಗಲ್ಲ. ಬಾಡಿಗೆ ಕರಾರು, ಕರ ತುಂಬಿದ ಪಾವತಿ, ಆಧಾರ್, ಫೋಟೊ ಕೊಟ್ಟರೆ ಪುರಸಭೆಯಿಂದ ವ್ಯಾಪಾರ ಪರವಾನಗಿ ಬರುತ್ತದೆ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ ಪ್ರಕಾರ ಕಾರ್ಮಿಕ ಇಲಾಖೆಯಲ್ಲಿ ಒಂದು ನೋಂದಣಿ. ಇಷ್ಟರಲ್ಲಿ ನಿನಗೆ ಹುಬ್ಬು ತೆಗೆಯಲು ಬರುತ್ತದೇನವ್ವ ಎಂದು ಯಾವ ಕಾಲಮ್ಮೂ ಕೇಳುವುದಿಲ್ಲ. ನಾನು ತುಂಬಿದ ಅರ್ಜಿಗಳಲ್ಲಂತೂ ಕಂಡಿಲ್ಲ.

ಇದನ್ನೆಲ್ಲ ಬಿಡಿಸಿ ಹೇಳಿದರೂ ಕೇಳದವಳು ನಮ್ಮ ಅಣ್ಣನ ಮಗಳು. "ಕಾಗದ ಇಲ್ದ ನಾ ಒಬ್ಬರ ಮಾರಿನೂ ಮುಟ್ಟಂಗಿಲ್ಲ ಕಾಕಾ" ಎಂದು ಹಟ ಹಿಡಿದು, ದೂರದ ಊರಲ್ಲಿ ಸೋದರಮಾವನ ಮನೆಯಲ್ಲಿದ್ದು ಐಟಿಐ ಸೇರಿದಳು. ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಸಾಲಿನಲ್ಲೇ ಕಾಸ್ಮೆಟಾಲಜಿ ಎಂಬ ಟ್ರೇಡೂ ಇದೆ ಎಂದು ಕೇಳಿ ಅಣ್ಣ ಗಾಬರಿಯಾದ. "ಐಟಿಐ ಅಂದ್ರ ಕಬ್ಬಿಣ ತಿಕ್ಕೂದಲ್ಲೇನೋ?" ಅಂದ. ಇಲ್ಲೂ ತಿಕ್ಕುವುದೇ, ವಸ್ತು ಬೇರೆ ಎಂದು ಸಮಾಧಾನ ಮಾಡಿದೆ. ಹತ್ತನೆಯ ತರಗತಿ ಪಾಸಾದವರಿಗೆ ಒಂದು ವರ್ಷದ ಕೋರ್ಸು. ಶುರುವಾಗುವುದು ಲಿಪ್‌ಸ್ಟಿಕ್‌ನಿಂದ ಅಲ್ಲ, ಬೆಂಕಿ ಆರಿಸುವುದರಿಂದ. ಯಾವ ಟ್ರೇಡಿನ ಮಕ್ಕಳಾದರೂ ಮೊದಲು ಸುರಕ್ಷತೆಯ ಪಾಠ ಓದಬೇಕು. ಹಬ್ಬಕ್ಕೆ ಬಂದಾಗ ಅವಳು ಮುಲ್ತಾನಿ ಮಿಟ್ಟಿಯ ವಿಷಯ ಹೇಳಿಯಾಳೆಂದು ಓಣಿಯ ಹೆಂಗಸರು ಸುತ್ತ ಕೂತಿದ್ದರೆ, ಅವಳು ಅಗ್ನಿಶಾಮಕ ಸಿಲಿಂಡರಿನ ಪಿನ್ನು ಹೇಗೆ ಎಳೆಯಬೇಕು ಎಂದು ವಿವರಿಸುತ್ತಿದ್ದಳು.

ಆಮೇಲೆ ಚರ್ಮದ ಪದರಗಳು, ಕೂದಲಿನ ಬೇರು, ಉಗುರಿನ ರೋಗಗಳು, ಬ್ಲೀಚು, ವ್ಯಾಕ್ಸು, ಮೆಹಂದಿ, ಸೀರೆ ಉಡಿಸುವುದು. ಸೀರೆ ಉಡಿಸುವುದನ್ನು ಸರಕಾರ ಕಲಿಸುತ್ತದೆ ಎಂದು ಕೇಳಿ ನಮ್ಮವ್ವ ನಕ್ಕ ನಗು ಇನ್ನೂ ನಿಂತಿಲ್ಲ. ಇಳಕಲ್ ಸೀರೆ ಉಟ್ಟು ಸದಿ ತೆಗೆದು, ರಾಶಿ ಮಾಡಿ, ಏಳು ಹಡೆದವಳು ಆಕೆ. "ಸರ್ಟಿಪಿಕೇಟ್ ಇಲ್ದ ಉಟ್ಟೀನಿ ಅಂತ ನನ್ನ ಹಿಡಕೊಂಡು ಹೋಗತಾರೇನು?" ಎಂದು ಕೇಳಿದಳು.

ಪರೀಕ್ಷೆಯ ನಿಯಮ ನನಗೆ ಬಹಳ ಹಿಡಿಸಿತು. ಪ್ರಾಕ್ಟಿಕಲ್‌ನಲ್ಲಿ ಪಾಸಾಗಲು ನೂರಕ್ಕೆ 60 ಬೇಕು, ಥಿಯರಿಗೆ 33 ಸಾಕು. ಅಂದರೆ ಚರ್ಮದ ವಿಷಯ ಮೂರರಲ್ಲೊಂದು ಪಾಲು ತಿಳಿದಿದ್ದರೂ ನಡೆಯುತ್ತದೆ, ಕೈ ಮಾತ್ರ ಅರ್ಧಕ್ಕಿಂತ ಹೆಚ್ಚು ಸಲ ನೆಟ್ಟಗಿರಬೇಕು. ಇದೇ ನಿಯಮವನ್ನು ಭಾಷಣ ಮಾಡುವವರಿಗೂ ಹಚ್ಚಿದ್ದರೆ ನಮ್ಮ ಜಿಲ್ಲೆಯ ಎಷ್ಟೋ ವೇದಿಕೆಗಳು ಖಾಲಿ ಇರುತ್ತಿದ್ದವು.

ಪ್ರಾಕ್ಟಿಕಲ್ಲಿಗೆ ಅಭ್ಯಾಸ ಬೇಕು, ಅಭ್ಯಾಸಕ್ಕೆ ಕೂದಲು ಬೇಕು. ದಾರ ಹಿಡಿಯುವುದನ್ನು ಮೊದಲು ತನ್ನ ಕಾಲಿನ ಮೇಲೇ ಕಲಿತಳು. ಅದು ಬೋಳಾದ ಮೇಲೆ ರಜೆಯಲ್ಲಿ ನಮ್ಮ ಮನೆಗೆ ಬಂದಳು. ನನ್ನ ಹೆಂಡತಿಯ ಹುಬ್ಬು ಅವಳ ಕಣ್ಣಿಗೆ ಬಿತ್ತು. "ಚಿಗವ್ವ, ಸ್ವಲ್ಪ ಸುಮ್ನ ಕುಂದ್ರು" ಅಂದವಳೇ ದಾರದ ತುದಿ ಹಲ್ಲಲ್ಲಿ ಕಚ್ಚಿದಳು. ಆ ಸಂಜೆ ಅಡಿಗೆಮನೆಯಿಂದ ಒಬ್ಬ ಅಪರಿಚಿತ ಹೆಂಗಸು ರೊಟ್ಟಿ ತಂದು ಬಡಿಸಿದಳು. ಎಡಹುಬ್ಬು ನನ್ನನ್ನು ಪ್ರಶ್ನೆ ಕೇಳುತ್ತಿತ್ತು, ಬಲಹುಬ್ಬು ನನ್ನ ಉತ್ತರವನ್ನು ನಂಬುತ್ತಿರಲಿಲ್ಲ. ಎರಡು ವಾರ ಮನೆಯಲ್ಲಿ ಬಹಳ ಪ್ರಾಮಾಣಿಕನಾಗಿ ಬಾಳಿದೆ.

ಅವಳ ಗೆಳತಿಯೊಬ್ಬಳು ಒಂದು ವರ್ಷ ಯಾರು ಕೂತಾರು ಅಂತ ಬ್ಯಾಂಕಿನವರ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗೆ ಹೋದಳು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಎರಡು ಬ್ಯಾಂಕುಗಳ ಜೊತೆ ಸೇರಿ ಶುರು ಮಾಡಿದ ರುಡ್‌ಸೆಟ್ ಮಾದರಿಯೇ ಆಮೇಲೆ ದೇಶದ ಜಿಲ್ಲೆ ಜಿಲ್ಲೆಗೂ ಹಬ್ಬಿದ್ದು. ಊಟ, ವಸತಿ, ಪಾಠ ಎಲ್ಲ ಪುಕ್ಕಟೆ, ಹೆಚ್ಚು ಕಡಿಮೆ ಒಂದು ತಿಂಗಳಲ್ಲಿ ಪಾರ್ಲರ್ ನಡೆಸುವುದು ಕಲಿಸುತ್ತಾರೆ. ಅಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ, ಮರದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಗೋಪುರ ಕಟ್ಟಿಸುವ ಆಟವೂ ಇದೆಯಂತೆ, ಉದ್ಯಮಿಗೆ ಧೈರ್ಯ ಬರಲಿ ಎಂದು. ಅಮೆರಿಕದ ಮನೋವಿಜ್ಞಾನಿ ಮೆಕ್‌ಲೆಲ್ಲೆಂಡ್ 1960ರ ದಶಕದಲ್ಲಿ ಕಾಕಿನಾಡಕ್ಕೆ ಬಂದು ವ್ಯಾಪಾರಸ್ಥರಿಗೆ ಸಾಧನೆಯ ಹಸಿವು ಹಚ್ಚಲು ತರಬೇತಿ ಕೊಟ್ಟಿದ್ದ. ಆ ವಂಶದ ಆಟವಿದು. ಗೆಳತಿಯ ಗೋಪುರ ಎಲ್ಲರಿಗಿಂತ ಎತ್ತರ ನಿಂತಿತಂತೆ. ಕೇಳಿದ ಹೆಂಗಸರೆಲ್ಲ ಒಂದೇ ಪ್ರಶ್ನೆ ಹಾಕಿದರು: "ಹುಬ್ಬು ತೆಗಿಯೂ ಮುಂದ ಕಣ್ಣು ಬಿಡತಾಳಲ್ಲವ್ವ?"

ಅಂತೂ ನಮ್ಮ ಹುಡುಗಿ ಪಾಸಾಗಿ ಬಂದಳು, ಅಂಗಡಿ ತೆರೆಯುವುದೆಂದಾಯಿತು. ಕಾಗದದ ಕೆಲಸ ನನ್ನ ಪಾಲಿಗೆ ಬಂತು. ಉದ್ಯಮ್ ನೋಂದಣಿ ಮಾಡಲು ಕೂತೆ. 2020ರ ಜುಲೈ 1ರಿಂದ ಇದು ಆನ್‌ಲೈನಿನಲ್ಲಿ ಪುಕ್ಕಟೆ, ನನ್ನ ಐವತ್ತು ರೂಪಾಯಿ ಬೇರೆ. ಅದರಲ್ಲಿ ನಿಮ್ಮ ಉದ್ಯೋಗದ ಸಂಖ್ಯೆ ಆರಿಸಬೇಕು. ಭಾರತದಲ್ಲಿ ಜನ ಮಾಡುವ ಎಲ್ಲ ಉದ್ಯೋಗಕ್ಕೂ ದಿಲ್ಲಿಯವರು ಒಂದೊಂದು ನಂಬರು ಕೊಟ್ಟಿದ್ದಾರೆ. ಹುಡುಕುತ್ತ ಹೋದೆ. 96010, ಬಟ್ಟೆ ಒಗೆಯುವುದು. 96020, ಕೇಶ ಮತ್ತು ಸೌಂದರ್ಯ ಸೇವೆ. 96030, ಶವಸಂಸ್ಕಾರ. ಕಲ್ಲಿಗೂ ಕಟ್ಟಿಗೆಗೂ ನಡುವೆ ನಮ್ಮ ಹುಡುಗಿಯ ಪಾರ್ಲರು. ಈ ಪಟ್ಟಿ ಮಾಡಿದ ಅಧಿಕಾರಿ ಯಾರೋ, ಕುರ್ಚಿಯಲ್ಲಿ ಕೂತಲ್ಲೇ ಶರಣರಾಗಿಬಿಟ್ಟಿದ್ದಾರೆ ಅನ್ನಿಸಿತು. ಅವಳಿಗೆ ತೋರಿಸಿದೆ. "ನಡುವಿನದ್ದ ಒತ್ತು ಕಾಕಾ, ಬೆರಳು ಜಾರೀತು" ಅಂದಳು.

ಆಮೇಲೆ ಬೋರ್ಡು. 2024ರ ತಿದ್ದುಪಡಿಯಂತೆ ಅಂಗಡಿಯ ಫಲಕದಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ನಮ್ಮ ಪೇಂಟರು "ಬ್ರೈಡಲ್ ಮೇಕಪ್ ಸ್ಟುಡಿಯೊ ಅಂಡ್ ಲೇಡೀಸ್ ಬ್ಯೂಟಿ ಪಾರ್ಲರ್" ಎಂದು ಅಂಚಿನಿಂದ ಅಂಚಿಗೆ ಕನ್ನಡ ಲಿಪಿಯಲ್ಲೇ ಬರೆದು, "ನೂರಕ್ಕ ನೂರು ಕನ್ನಡ ಮಾಡೀನ್ರಿ" ಎಂದು ನಲವತ್ತು ಪರ್ಸೆಂಟಿಗೆ ಹೆಚ್ಚಿನ ಮಜೂರಿ ಕೇಳಿದ.

ಇನ್ನು ಸಾಲ, ಸೌಲಭ್ಯ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000, ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಶೇ. 5ರ ಬಡ್ಡಿಯಲ್ಲಿ ಸಾಲ. ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದೆ. ದೋಣಿ ಕಟ್ಟುವವರಿದ್ದಾರೆ, ಮೀನಿನ ಬಲೆ ಹೆಣೆಯುವವರಿದ್ದಾರೆ, ಕತ್ತಿ ಗುರಾಣಿಯ ಕಾಲದ ಆಯುಧ ಮಾಡುವವರಿದ್ದಾರೆ, ಕ್ಷೌರಿಕರಿದ್ದಾರೆ. ಬ್ಯೂಟಿಷಿಯನ್ ಇಲ್ಲ. ಬಿಸಿಲಿಗೆ ಬಾವಿ ಬತ್ತುವ ಇಂಡಿಯಲ್ಲಿ ಕೂತು ದೋಣಿಗೆ ಅರ್ಜಿ ಹಾಕಬಹುದು, ಲಗ್ನದ ಹೆಣ್ಣಿಗೆ ಜಡೆ ಹೆಣೆಯುವವಳು ಮುದ್ರಾ ಸಾಲಕ್ಕೆ ಹೋಗಬೇಕು. ಹೋದಳು. ಐವತ್ತು ಸಾವಿರದೊಳಗಿನ ಶಿಶು ಸಾಲ ಸಿಕ್ಕಿತು.

ಕ್ಷೌರಿಕರ ವಿಷಯಕ್ಕೆ ಬಂದರೆ, ಈ ಕಸುಬಿಗೆ ನಮ್ಮ ಸೀಮೆಯಲ್ಲಿರುವ ಮರ್ಯಾದೆ ಸಣ್ಣದಲ್ಲ. ಹಡಪದ ಸಮಾಜ ತನ್ನ ಮೂಲಪುರುಷನೆಂದು ನಡೆದುಕೊಳ್ಳುವ ಹಡಪದ ಅಪ್ಪಣ್ಣ ಬಾಗೇವಾಡಿ ತಾಲೂಕಿನ ಮಸಬಿನಾಳದವನು, ಬಸವಣ್ಣನ ಬಲಗೈ. ಹೆಂಡತಿ ಲಿಂಗಮ್ಮ ವಚನಕಾರ್ತಿ. ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಂಡೆಗೆ, ಬಸವಣ್ಣನ ಮಡದಿ ನೀಲಾಂಬಿಕೆ ಐಕ್ಯಳಾದ ಜಾಗದಲ್ಲೇ ಅಪ್ಪಣ್ಣನ ಹೆಸರಿನ ಪೀಠವೂ ಇದೆ. ಅಂಗಡಿ ತೆರೆಯುವ ಮೊದಲು ನಮ್ಮ ಹುಡುಗಿ ಅಲ್ಲಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. ಪುರಸಭೆಯ ಕಾಗದಕ್ಕಿಂತ ಅದು ಮೊದಲು ಆಗಬೇಕು ಎಂಬುದು ನಮ್ಮವ್ವನ ಆಜ್ಞೆ. ಓಣಿಯ ಗಂಡಸರ ಕಟಿಂಗ್ ಶಾಪಿನ ಹಿರಿಯ ತಾನೇ ಬಂದು ಕತ್ತರಿಗೆ ಸಾಣೆ ಹಿಡಿದುಕೊಟ್ಟ. ಒಂದೇ ಮಾತು ಹೇಳಿದ: "ತಂಗಿ, ಮಂಗಳವಾರ ಅಂಗಡಿ ಮುಚ್ಚು. ಬ್ಯಾರೆ ಯಾವ ಲೈಸೆನ್ಸೂ ನಿನಗ ರಜಾ ಕೊಡಂಗಿಲ್ಲ."

ಗಂಡಸರೆಲ್ಲ ಹೀಗೆ ಸಾಣೆ ಹಿಡಿದುಕೊಡುವುದಿಲ್ಲ ಬಿಡಿ. ಮುಂಬಯಿಯ ಸಿನಿಮಾ ಲೋಕದಲ್ಲಿ ಮೇಕಪ್ ಕಲಾವಿದರ ಸಂಘ ಹೆಂಗಸರಿಗೆ ಕೂದಲು ಕಟ್ಟುವ ಕಾರ್ಡು ಮಾತ್ರ ಕೊಡುತ್ತಿತ್ತು, ಬಣ್ಣ ಹಚ್ಚುವ ಕಾರ್ಡು ಗಂಡಸರಿಗಷ್ಟೇ. ಐವತ್ತಕ್ಕೂ ಹೆಚ್ಚು ವರ್ಷ ನಡೆದ ಈ ಕಟ್ಟಳೆಯನ್ನು ಚಾರು ಖುರಾನಾ ಎಂಬ ಕಲಾವಿದೆ ಕೋರ್ಟಿಗೆ ಎಳೆದರು, 2014ರ ನವೆಂಬರ್ 10ರಂದು ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಅಮೆರಿಕದ ಟೆಕ್ಸಾಸಿನಲ್ಲಂತೂ ಬರೀ ದಾರದಿಂದ ಹುಬ್ಬು ತೆಗೆಯಲಿಕ್ಕೆ 750 ತಾಸಿನ ತರಬೇತಿಯಿರುವ ಲೈಸೆನ್ಸ್ ಬೇಕಿತ್ತು. ದಿನಕ್ಕೆ ಎಂಟು ತಾಸಿನಂತೆ ರವಿವಾರವೂ ಬಿಡದೆ ಮೂರು ತಿಂಗಳು. ಅದರಲ್ಲಿ 320 ತಾಸು ಹುಬ್ಬಿಗೆ ಸಂಬಂಧವೇ ಇಲ್ಲದ್ದು ಎಂದು ಸರಕಾರವೇ ಒಪ್ಪಿಕೊಂಡಿತ್ತು. ಪಟೇಲ್ ಎಂಬವರ ಮುಂದಾಳುತನದಲ್ಲಿ ದಾರದವರು ಕೋರ್ಟಿಗೆ ಹೋಗಿ, 2015ರ ಜೂನ್ 26ರಂದು ಗೆದ್ದರು. ಒಂಬತ್ತು ನ್ಯಾಯಾಧೀಶರಲ್ಲಿ ಆರು ಜನ ದಾರದ ಕಡೆ. ಇದನ್ನು ನಮ್ಮ ಹುಡುಗಿಗೆ ಓದಿ ಹೇಳಿದೆ. ಅವಳು ಗಿರಾಕಿಯ ಹುಬ್ಬಿನ ಮೇಲಿದ್ದಳು, ಬಾಯಲ್ಲಿ ದಾರ. "ಹೂಂ" ಅಂದಳು ಅಷ್ಟೆ.

ಆ "ಹೂಂ" ನನಗೆ ನಷ್ಟ ತಂದಿದೆ. ಬಾಯಲ್ಲಿ ದಾರ ಕಚ್ಚಿದವಳಿಗೆ ಎದುರಾಡಲು ಬರುವುದಿಲ್ಲ, ಕಣ್ಣು ಮುಚ್ಚಿ ಕೂತವಳಿಗೆ ಮಾತಾಡದೆ ಇರಲು ಬರುವುದಿಲ್ಲ. ಸಿಂದಗಿಯ ಯಾವ ಮನೆಯಲ್ಲಿ ಪಾಲಾಯಿತು, ಮುದ್ದೇಬಿಹಾಳದ ಯಾವ ಸಂಬಂಧ ಮುರಿಯಿತು ಎಂಬುದೆಲ್ಲ ಈಗ ನನ್ನ ಗಾಜಿಗೆ ಬರುವ ಮೊದಲು ಅವಳ ಕುರ್ಚಿಗೆ ಬರುತ್ತದೆ. ನನ್ನಲ್ಲಿಗೆ ಬರುವುದು ಬರೀ ನಕಲು ಪ್ರತಿ.

ಲೈಸೆನ್ಸನ್ನು ಕಟ್ಟು ಹಾಕಿಸಿ ಕನ್ನಡಿಯ ಮೇಲೆ ತೂಗುಹಾಕಿದಳು, ಪಕ್ಕದಲ್ಲಿ ಐಟಿಐ ಪ್ರಮಾಣಪತ್ರ. ಅವನ್ನು ಯಾರೂ ಓದಲಿಲ್ಲ. ಮದುಮಗಳ ಕಡೆಯ ಹಿರಿಯ ಹೆಂಗಸರು ಬಂದರೆ ನೋಡುವುದು ಅವಳ ಸ್ವಂತ ಹುಬ್ಬನ್ನು. ಎರಡೂ ಸಮ ಇದ್ದರೆ ಮುಂಗಡ ಕೊಡುತ್ತಾರೆ. ಸಮಸ್ಯೆ ಬರುವುದು ಅವಳು ಕಲಿತದ್ದನ್ನು ಪಾಲಿಸಹೋದಾಗ. ತಲೆಗೆ ಬಣ್ಣ ಹಚ್ಚುವ ಮುಂಚೆ ಕಿವಿಯ ಹಿಂದೆ ಒಂದು ಚೂರು ಹಚ್ಚಿ ಎರಡು ದಿನ ಕಾಯಬೇಕು, ಮೈಗೆ ಒಗ್ಗುತ್ತದೋ ನೋಡಲು. "ಎರಡು ದಿನ ಬಿಟ್ಟು ಬರ್ರಿ" ಅಂದರೆ ಗಿರಾಕಿ ಕಣ್ಣು ಬಿಡುತ್ತಾಳೆ: "ನಾಳಿ ಅಕ್ಕಿಕಾಳು ಅದ, ಬರೇ ಕಿವಿ ಹಿಂದ ಕರ್ರಗ ಮಾಡಿಕೊಂಡು ಹೋಗಲೇನು?" ನಿಂಬೆಹುಳಿಯನ್ನು ಮುಖಕ್ಕೆ ತಿಕ್ಕಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಡುತ್ತದೆ ಎಂದು ಹೇಳಿದ್ದಕ್ಕೆ ಇಂಡಿಯ ಒಬ್ಬ ಅಕ್ಕಾವರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಿಂಬೆಗೆ ಅಂತಲೇ ಸರಕಾರ ಅಭಿವೃದ್ಧಿ ಮಂಡಳಿ ಮಾಡಿದ ಊರು ಅದು, 2023ರಲ್ಲಿ ಇಂಡಿ ನಿಂಬೆಗೆ ಭೌಗೋಳಿಕ ಸೂಚ್ಯಂಕದ ಮುದ್ರೆಯೂ ಬಿದ್ದಿದೆ. "ನಮ್ಮ ನಿಂಬಿಗೆ ದಿಲ್ಲಿ ಲೈಸೆನ್ಸ್ ಅದ, ನಿನಗ ಪುರಸಭಾದ್ದು" ಎಂದು ಹೇಳಿ ಹೋದರು.

ಮೊನ್ನೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದಳು. ಮುಂದಿನ ವಾರ ನಿಶ್ಚಯ. ಹುಡುಗಿ ನಮ್ಮ ಎರೆಮಣ್ಣಿನ ಚೆಂದದ ಬಣ್ಣದವಳು. ತಾಯಿಗೆ ಅವಳನ್ನು ಎಂಟು ದಿನದಲ್ಲಿ ಬೆಳ್ಳಗೆ ಮಾಡಿಸಬೇಕಿತ್ತು. "ಬಿಜಾಪುರದಾಗ ಸೂಜಿ ಹಾಕತಾರಂತ, ನೀನೂ ಹಾಕವ್ವ. ಇಲ್ಲಾಂದ್ರ ಆ ಔಷಧಿ ಅಂಗಡಿ ಟ್ಯೂಬರ ಹಚ್ಚು." ಆ ಟ್ಯೂಬುಗಳಲ್ಲಿ ಬಹಳಷ್ಟು ಸ್ಟೀರಾಯ್ಡ್. 2018ರಲ್ಲಿ ಕೇಂದ್ರ ಸರಕಾರ ಅಂಥ 14 ಬಗೆಯ ಸ್ಟೀರಾಯ್ಡ್ ಮುಲಾಮನ್ನು ಡಾಕ್ಟರ ಚೀಟಿಯಿಲ್ಲದೆ ಮಾರಬಾರದು ಎಂದು ಮಾಡಿತು. ಹಚ್ಚುತ್ತ ಹೋದರೆ ಚರ್ಮ ತೆಳ್ಳಗಾಗಿ ಕೆಂಪು ನರ ಕಾಣುತ್ತದೆ, ಬಿಟ್ಟರೆ ಮುಖವೆಲ್ಲ ಉರಿದೇಳುತ್ತದೆ. ನಾನು ಬಿಲ್ ಪುಸ್ತಕ ಕೊಡಲು ಹೋದವನು ಬಾಗಿಲ ಹೊರಗೇ ನಿಂತು ಕೇಳಿಸಿಕೊಂಡೆ.

ನಮ್ಮ ಹುಡುಗಿ ಸ್ಟೂಲು ಹತ್ತಿ, ಕಟ್ಟು ಹಾಕಿಸಿದ ಪ್ರಮಾಣಪತ್ರ ಇಳಿಸಿ, ಓಢಣಿಯಿಂದ ಧೂಳು ಒರೆಸಿ ತಾಯಿಯ ಮುಂದೆ ಹಿಡಿದಳು. "ಇದ್ರಾಗ ಎಲ್ಲ್ಯರ ಸೂಜಿ ಅಂತ ಬರದೈತೇನ್ರಿ ಅವ್ವಾರ? ನನಗ ಪರವಾನಗಿ ಇಲ್ರಿ. ಹಾಕಿದ್ರ ನನ್ನ ಒಳಗ ಹಾಕತಾರ."

ತಾಯಿ ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. "ಬ್ಯಾಡ ಅನ್ನಾಕ ಒಂದು ವರ್ಷ ಕಲತು ಬಂದೀಯೇನವ್ವ?" ಅಂದಳು.

"ಹೌದ್ರಿ, ಅದರ ಪರೀಕ್ಷಾನೂ ಇತ್ತು."

ಮಗಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ತಾಯಿ ಸುಮ್ಮನೆ ಎದ್ದು ಹೋಗಲಿಲ್ಲ. ಕುರ್ಚಿಯಲ್ಲಿ ಮಗಳನ್ನು ಕೂಡಿಸಿ, ಹುಬ್ಬಿಗೆ ಎಷ್ಟು ಎಂದು ಕೇಳಿದಳು. ನಲವತ್ತು ಎಂದರೆ ಇಪ್ಪತ್ತು ಎಂದಳು. ಮೂವತ್ತೈದಕ್ಕೆ ಬಂದರೆ ಇಪ್ಪತ್ತಕ್ಕೇ ನಿಂತಳು. ಕೊನೆಗೆ ಮೂವತ್ತಕ್ಕೆ ಒಪ್ಪಿ, ತನ್ನ ಗದ್ದದ ಮೇಲಿನ ಎರಡು ಕೂದಲನ್ನೂ ಅದೇ ರೊಕ್ಕದಲ್ಲಿ ತೆಗೆಸಿಕೊಂಡು ಬಾಗೇವಾಡಿ ಬಸ್ಸಿಗೆ ಓಡಿದಳು.