ವಾಡಿಯ ಆಕಾಶಕ್ಕೆ ಕಲಾ ನಿರ್ದೇಶಕರು ಯಾರು?

ಹಾಲಿವುಡ್‌ನವರಷ್ಟು ದುಂದುಗಾರರು ಬೇರೆ ಇಲ್ಲ. ಒಂದು ಊರಿಗೆ ಮಂಕು ಕವಿಸಲು ಅವರು ಸುರಿಯುವ ದುಡ್ಡು ನೋಡಿದರೆ ಹೊಟ್ಟೆ ಉರಿಯುತ್ತದೆ. 1989ರಲ್ಲಿ ಟಿಮ್ ಬರ್ಟನ್ ‘ಬ್ಯಾಟ್‌ಮನ್’ ತೆಗೆದಾಗ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ಗೋಥಮ್ ನಗರದ ಬೀದಿಯನ್ನೇ ಎಬ್ಬಿಸಿದರು. ಆಂಟನ್ ಫರ್ಸ್ಟ್ ಎಂಬ ಕಲಾ ನಿರ್ದೇಶಕ ಬಿಸಿಲು ನೆಲಕ್ಕೆ ಇಳಿಯದಂತೆ ಕಟ್ಟಡಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಗೋಡೆಗಳಿಗೆ ಮಸಿ ಹಿಡಿಸಿ, ನೋಡಿದವರ ಎದೆ ಭಾರವಾಗುವಂತೆ ಮಾಡಿದ. ಆ ಕೆಲಸಕ್ಕೆ ಆಸ್ಕರ್ ಬಂತು. 2005ರ ‘ಬ್ಯಾಟ್‌ಮನ್ ಬಿಗಿನ್ಸ್’ಗೆ ಕಾರ್ಡಿಂಗ್ಟನ್‌ನಲ್ಲಿ ಹಿಂದೆ ವಾಯುನೌಕೆ ನಿಲ್ಲಿಸುತ್ತಿದ್ದ ದೈತ್ಯ ಶೆಡ್ಡಿನೊಳಗೆ ಇನ್ನೊಂದು ಗೋಥಮ್ ಕಟ್ಟಿದರು. 2022ರ ‘ದಿ ಬ್ಯಾಟ್‌ಮನ್’ ಹೊತ್ತಿಗೆ ಹೆಚ್ಚೂ ಕಡಿಮೆ ಮೂರು ಗಂಟೆಯ ಸಿನಿಮಾದುದ್ದಕ್ಕೂ ಮಳೆ ಜಿನುಗಿಸಿದರು.

ಯಾಕೆ ಸ್ವಾಮಿ ಇಷ್ಟು ಖಟಪಟಿ? ಸೊಲ್ಲಾಪುರದ ಕಡೆಯಿಂದ ಬರುವ ಯಾವುದಾದರೂ ರೈಲು ಹತ್ತಿ ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್ನಿನಲ್ಲಿ ಇಳಿದಿದ್ದರೆ ಸಾಕಿತ್ತು. ಮಸಿ ಬಳಿಯುವ ಖರ್ಚಿಲ್ಲ, ಹೊಗೆಯ ಯಂತ್ರ ಬೇಡ. ಮಳೆಯ ಬದಲು ನಮ್ಮಲ್ಲಿ ಸಿಮೆಂಟ್ ಕಾರ್ಖಾನೆಯ ಬೂದಿ ಬಣ್ಣದ ಪುಡಿ ಬೀಳುತ್ತದೆ, ಅಷ್ಟೇ ವ್ಯತ್ಯಾಸ. ಅದೂ ಮಳೆಗಿಂತ ನಂಬಿಕಸ್ಥ. ಮೃಗಶಿರಾ, ಆರಿದ್ರಾ ಎಂದು ಕಾಯಿಸುವುದಿಲ್ಲ.

ಸೂಪರ್‌ಹೀರೋ ಸಿನಿಮಾಗಳದ್ದು ಒಂದೇ ವ್ಯಾಕರಣ: ಮೊದಲು ಊರು, ಆಮೇಲೆ ಹೀರೋ. ಊರು ಕತ್ತಲಾಗಿದ್ದರೆ ಬಾವಲಿ ಹುಟ್ಟುತ್ತದೆ. ಸೂಪರ್‌ಮ್ಯಾನನ ಮೆಟ್ರೊಪೊಲಿಸ್ ಗಾಜು, ಬಿಸಿಲು, ಅಗಲ ರಸ್ತೆಗಳ ಊರು. ಆದ್ದರಿಂದ ಅವನು ಹಗಲಲ್ಲೇ ಕೆಂಪು ನೀಲಿ ತೊಟ್ಟು ಎಲ್ಲರೆದುರು ಹಾರುತ್ತಾನೆ. ಮಲಯಾಳಂನ ‘ಮಿನ್ನಲ್ ಮುರಳಿ’ಯಲ್ಲಿ (2021) ಕುರುಕ್ಕನ್‌ಮೂಲ ಎಂಬ ಕಲ್ಪಿತ ಹಳ್ಳಿ. ಅಲ್ಲಿ ಸಿಡಿಲು ಹೊಡೆದು ಶಕ್ತಿ ಬರುವುದು ಒಬ್ಬ ದರ್ಜಿಗೆ. ಊರು ಸಣ್ಣದು, ಎಲ್ಲರಿಗೂ ಎಲ್ಲರ ಗುಟ್ಟು ಗೊತ್ತು, ಹಾಗಾಗಿ ಸಿನಿಮಾದ ಮೂಡು ಕೂಡ ಹಗುರ. ಇದೇ ಲೆಕ್ಕ ಹಿಡಿದರೆ ವಾಡಿಗೆ ಎಂಥ ಹೀರೋ ಬರಬೇಕು? ಮುಖವಾಡದವನೇ ಬರಬೇಕು. ಆದರೆ ಅಲ್ಲೊಂದು ತೊಡಕಿದೆ. ವಾಡಿಯಲ್ಲಿ ಮುಖ ಮುಚ್ಚಿಕೊಂಡು ಓಡಾಡುವುದು ಬೈಕ್ ಇರುವ ಎಲ್ಲರ ಹಕ್ಕು. ಮೂಗಿಗೆ ಟವೆಲ್ ಬಿಗಿದು, ಕಣ್ಣು ಕಿರಿದು ಮಾಡಿ ಹೊರಟವರಲ್ಲಿ ಊರು ಉಳಿಸಲು ಹೊರಟವನಾರು, ಡ್ಯೂಟಿಗೆ ಹೊರಟವನಾರು ಎಂದು ಗೋಥಮ್‌ನ ಪೊಲೀಸ್ ಕಮಿಷನರ್ ಗಾರ್ಡನ್ನನಿಗೂ ತಿಳಿಯದು.

ಇಲ್ಲಿನ ಬೂದಿ ಬಣ್ಣವನ್ನು ಕಾಣಲು ಡ್ರೋನ್ ಹಾರಿಸುವುದು ಬೇಡ. ರಸ್ತೆ ಪಕ್ಕದ ಬೇವಿನ ಗಿಡದ ಒಂದೆಲೆ ಕಿತ್ತುಕೊಳ್ಳಿ. ಬೇಸಿಗೆಯಲ್ಲಾದರೆ ಬೆರಳಿಗೆ ಪುಡಿ ಹತ್ತುತ್ತದೆ, ಊದಿದರೆ ಹಾರುತ್ತದೆ. ಒಂದು ತುಂತುರು ಮಳೆಯಾದ ಮೇಲೆ ಅದೇ ಎಲೆಯನ್ನು ಉಗುರಿನಿಂದ ಕೆರೆದು ನೋಡಿ. ಪುಡಿ ಗಟ್ಟಿಯಾಗಿ ಸಣ್ಣ ಹಕ್ಕಳೆಯಾಗಿ ಏಳುತ್ತದೆ, ಕೆಳಗೆ ಹಸಿರು ಮುಖ ತೋರಿಸುತ್ತದೆ. ಸಿಮೆಂಟ್ ತನ್ನ ಧರ್ಮ ಬಿಡುವುದಿಲ್ಲ. ನೀರು ಬಿದ್ದರೆ ಎಲ್ಲಿದ್ದರೂ ಬಿಗಿಯುತ್ತದೆ, ಅದು ಎಲೆ, ಇದು ಗೋಡೆ ಎಂಬ ಭೇದ ಅದಕ್ಕಿಲ್ಲ. ತೊಗರಿ ಹೂ ಬಿಡುವ ಕಾಲಕ್ಕೆ ಹೊಲದ ಅಂಚಿನ ಸಾಲುಗಳು ಹಳದಿಯೋ ಬೂದಿಯೋ ಎಂಬುದು ಆಯಾ ದಿನದ ಗಾಳಿ ನಿರ್ಧರಿಸುವ ವಿಷಯ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಈ ಮಣ್ಣಿನ ವಿಶೇಷ ಗುಣ ಎಂದು ಅದರಲ್ಲಿ ಬರೆದದ್ದು ಮೇಲಿನಿಂದ ಬೀಳುವ ಮಣ್ಣನ್ನು ಕುರಿತಲ್ಲ ಎಂದುಕೊಳ್ಳೋಣ.

ಶಹಾಬಾದಿನದು ಇನ್ನೊಂದು ರೀತಿಯ ಕಲಾ ನಿರ್ದೇಶನ. ಅಲ್ಲಿ ನೆಲ ಫರಸಿ, ಗೋಡೆ ಫರಸಿ, ಎಷ್ಟೋ ಮನೆಗಳ ಚಾವಣಿ ಫರಸಿ, ಹಿತ್ತಲ ಬೇಲಿಯೂ ನೆಟ್ಟಗೆ ಹೂತು ನಿಲ್ಲಿಸಿದ ಫರಸಿ. ದೇಶದ ಅರ್ಧ ರೈಲ್ವೆ ಪ್ಲಾಟ್‌ಫಾರ್ಮು, ಸರ್ಕಾರಿ ಆಸ್ಪತ್ರೆ, ಅಜ್ಜಿಯರ ಅಡುಗೆಕಟ್ಟೆಗಳು ಈ ಕಲ್ಲಿನ ಮೇಲೆ ನಿಂತಿವೆ. ಒಂದೇ ಬಣ್ಣದಲ್ಲಿ ಇಡೀ ಊರನ್ನು ಅದ್ದಿದರೆ ನೋಡುವವನ ಮನಸ್ಸು ಕುಗ್ಗುತ್ತದೆ ಎಂದು ಆಂಟನ್ ಫರ್ಸ್ಟ್ ಕಂಡುಕೊಳ್ಳುವ ಮೊದಲೇ ನಮ್ಮ ಗೌಂಡಿಗಳು ಅದನ್ನು ಮಾಡಿ ಮುಗಿಸಿದ್ದರು. ಕುಗ್ಗಿಸಬೇಕೆಂದಲ್ಲ, ಕಲ್ಲು ಅಗ್ಗವಿತ್ತೆಂದು. ಚಿತ್ತಾಪುರ, ಶಹಾಬಾದ್ ಕಡೆ ಕಲ್ಲು ತೆಗೆದು ಬಿಟ್ಟ ಖಣಿಗಳ ಮುಂದೆ ನಿಂತಾಗಲೆಲ್ಲ ನನಗೆ ಕ್ರಿಸ್ಟೊಫರ್ ನೋಲನ್ ನೆನಪಾಗುತ್ತಾನೆ. ಪಾಪ, ‘ದಿ ಡಾರ್ಕ್ ನೈಟ್ ರೈಸಸ್’ಗಾಗಿ ಆತ ಭಾರತಕ್ಕೂ ಬಂದಿದ್ದ, ಜೋಧಪುರದ ಮೆಹ್ರಾನ್‌ಗಢ ಕೋಟೆಯ ಬುಡಕ್ಕೆ. ಯಾರೂ ಹತ್ತಿ ಬರಲಾಗದ ಆಳದ ಗುಂಡಿಯ ಸೆರೆಮನೆ, ಅದರ ಹೊರನೋಟ ಬೇಕಿತ್ತು ಅವನಿಗೆ. ಹತ್ತಲಾಗದ ಗುಂಡಿಗಾಗಿ ರಾಜಸ್ಥಾನಕ್ಕೆ ಹೋದವನಿಗೆ ನಮ್ಮ ವಿಳಾಸ ಯಾರೂ ಕೊಡಲಿಲ್ಲ.

ಚಿಂಚೋಳಿ ಮಾತ್ರ ಈ ಬಣ್ಣಕ್ಕೆ ಸೇರದೆ ಹಟ ಹಿಡಿದಿದೆ. ಕೊಂಚಾವರಂ ಕಾಡು, ಚಂದ್ರಂಪಳ್ಳಿ ಅಣೆಕಟ್ಟು, ಎತ್ತಿಪೋತ ಜಲಪಾತ, 2011ರಲ್ಲಿ ಘೋಷಣೆಯಾದ ವನ್ಯಜೀವಿಧಾಮ. ಬಿಸಿಲು ನಾಡು ಎಂದು ಹಣೆಪಟ್ಟಿ ಹಚ್ಚಿದವರು ಅಲ್ಲಿಗೆ ಹೋಗಿ ಗಲಿಬಿಲಿಗೊಂಡು ಬರುತ್ತಾರೆ. ‘ಬ್ಲ್ಯಾಕ್ ಪ್ಯಾಂಥರ್’ ಸಿನಿಮಾದ ವಕಾಂಡ ಹೀಗೆಯೇ, ಹೊರಜಗತ್ತಿನ ಕಣ್ಣಿಗೆ ಬಡ ನಾಡು, ಒಳಗೆ ಹೊಳೆಯುವ ನಗರ. ಅದನ್ನು ರೂಪಿಸಿದ ಹ್ಯಾನಾ ಬೀಚ್ಲರ್‌ಗೂ ಆಸ್ಕರ್ ಬಂತು. ವಕಾಂಡದವರು ತಮ್ಮ ಖನಿಜವನ್ನು ಬಚ್ಚಿಟ್ಟು ಶ್ರೀಮಂತರಾದರು. ನಾವು ಸುಣ್ಣದಕಲ್ಲು ಎಲ್ಲಿದೆ ಎಂದು ಕೈಹಿಡಿದು ತೋರಿಸಿ ಗೇಟಿನಲ್ಲಿ ಸೆಕ್ಯುರಿಟಿ ಗಾರ್ಡುಗಳಾದೆವು.

ಸಿನಿಮಾದಲ್ಲಿ ಖಳನಾಯಕ ಬರುವ ಮುನ್ನ ನೆಲ ಗುಡುಗುತ್ತದಲ್ಲ, ಅದನ್ನೂ ಚಿಂಚೋಳಿ ತಾಲ್ಲೂಕು ಬಿಟ್ಟಿಲ್ಲ. 2021ರ ಅಕ್ಟೋಬರಿನಲ್ಲಿ ಗಡಿಕೇಶ್ವರ ಗ್ರಾಮದಲ್ಲಿ ಭೂಮಿ ಮತ್ತೆ ಮತ್ತೆ ಕಂಪಿಸಿತು, ಒಳಗಿನಿಂದ ಸದ್ದು ಬಂತು, ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು, ಎಷ್ಟೋ ಕುಟುಂಬಗಳು ನೆಂಟರ ಊರಿಗೆ ಹೋದವು. ಹಾಲಿವುಡ್ ಆಗಿದ್ದರೆ ಇದು ಟ್ರೈಲರ್. ಮುಂದಿನ ದೃಶ್ಯದಲ್ಲಿ ಆಕಾಶ ಸೀಳಿ ಯಾರೋ ಇಳಿಯಬೇಕು. ನಮ್ಮಲ್ಲಿ ಅಧಿಕಾರಿಗಳ ಜೀಪು ಇಳಿಯಿತು, ಮಂತ್ರಿಗಳು ಇಳಿದರು, ಮಾಧ್ಯಮದವರು ಇಳಿದರು. ಇಳಿದವರೆಲ್ಲ ಸಂಜೆಗೆ ಹತ್ತಿ ಹೋದರು.

ಅಧಿಕಾರಿಗಳೆಂದಾಗ ನೆನಪಾಯಿತು. ಗೋಥಮ್‌ನಲ್ಲಿ ಕೆಟ್ಟವರನ್ನು ಹಿಡಿದು ಅರ್ಕಮ್ ಎಂಬ ಹುಚ್ಚಾಸ್ಪತ್ರೆಗೆ ಹಾಕುತ್ತಾರೆ. ಕರ್ನಾಟಕದಲ್ಲಿ ಚಿಂಚೋಳಿಗೆ ಹಾಕುತ್ತಾರೆ. ಕನ್ನಡ ಸಿನಿಮಾದ ಮಂತ್ರಿ ಪ್ರಾಮಾಣಿಕ ಇನ್‌ಸ್ಪೆಕ್ಟರಿಗೆ ‘ನೀರು ನೆರಳಿಲ್ಲದ ಊರಿಗೆ ಎತ್ತಾಕಿಸ್ತೀನಿ’ ಎಂದು ಗದರಿದಾಗ ಇಡೀ ಥಿಯೇಟರಿಗೆ ಆ ಊರು ಯಾವ ದಿಕ್ಕಿನಲ್ಲಿದೆ ಎಂದು ಗೊತ್ತಾಗುತ್ತದೆ. ಸೇಡಂನ ಥಿಯೇಟರಿನಲ್ಲಿ ಕುಳಿತವರಿಗೂ ಗೊತ್ತಾಗುತ್ತದೆ, ಅವರೂ ನಗುತ್ತಾರೆ. ನಮ್ಮ ಚಿತ್ರರಂಗಕ್ಕೆ ಮೂಡುಗಳ ನಕ್ಷೆ ಎಂದೋ ಸಿದ್ಧವಾಗಿದೆ: ಮಲೆನಾಡೆಂದರೆ ಪ್ರೇಮ, ಕರಾವಳಿಯೆಂದರೆ ದೈವ, ಬೆಂಗಳೂರೆಂದರೆ ಮಚ್ಚು. ನಮ್ಮ ಕಡೆಯೆಂದರೆ ಹಾಸ್ಯನಟನ ಅತ್ತೆಮನೆ. ಅವನ ಬಾಯಲ್ಲಿ ಹುಬ್ಬಳ್ಳಿಯ ಮಾತಿಟ್ಟು ಕಲಬುರಗಿಯದೆಂದು ನಂಬಿಸುವ ಔದಾರ್ಯವೂ ಇದೆ.

2025ರಲ್ಲಿ ‘ಲೋಕಾ’ ಎಂಬ ಮಲಯಾಳಂ ಸೂಪರ್‌ಹೀರೋ ಸಿನಿಮಾ ಬಂತು. ಕತೆ ನಡೆಯುವುದು ಬೆಂಗಳೂರಿನಲ್ಲಿ, ಬಹುಪಾಲು ರಾತ್ರಿಯಲ್ಲಿ. ಅದರ ಒಂದು ಸಂಭಾಷಣೆ ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಹಗುರವಾಗಿದೆ ಎಂದು ಗದ್ದಲವೆದ್ದಿತು. ನಿರ್ಮಾಪಕರು ಕ್ಷಮೆ ಕೇಳಿ ಆ ಮಾತು ತೆಗೆಯುತ್ತೇವೆಂದರು. ಸರಿಯಾದದ್ದೇ. ರಾಜಧಾನಿಯ ಮೂಡು ಕೆಟ್ಟರೆ ಒಂದು ವಾರದೊಳಗೆ ಕ್ಷಮಾಪಣೆ ಸಿಗುತ್ತದೆ. ನಮ್ಮ ಸರದಿ ಬಂದಾಗ ಬಡ್ಡಿ ಸೇರಿಸಿ ಕೊಡಬೇಕಾಗಬಹುದು, ನಿರ್ಮಾಪಕರು ಈಗಲೇ ಬಜೆಟ್ಟಿನಲ್ಲಿ ಇಟ್ಟುಕೊಳ್ಳಲಿ.

ಧೂಳನ್ನೇ ಬಂಡವಾಳ ಮಾಡಿದ ಕನ್ನಡ ಸಿನಿಮಾ ಇಲ್ಲವೆಂದಲ್ಲ. ‘ಕೆಜಿಎಫ್’ (2018) ಇದೆ. ಭುವನ್ ಗೌಡರ ಕ್ಯಾಮೆರಾ ಕಪ್ಪು ಮತ್ತು ಕಂದು ಬಿಟ್ಟು ಬೇರೆ ಬಣ್ಣವನ್ನು ಒಳಗೆ ಬಿಡುವುದೇ ಇಲ್ಲ. ನರಾಚಿ ಎಂಬ ಕಲ್ಪಿತ ಗಣಿಯನ್ನು ಎಬ್ಬಿಸಿದ್ದು ಕೋಲಾರ ಚಿನ್ನದ ಗಣಿಯ ಸೈನೈಡ್ ಗುಡ್ಡಗಳ ಮೇಲೆ, ಅಂದರೆ ಚಿನ್ನ ಸೋಸಿದ ಮೇಲೆ ಉಳಿದ ಮಣ್ಣಿನ ರಾಶಿಯ ಮೇಲೆ. ನಿಜವಾದ ಗಣಿ 2001ರಲ್ಲೇ ಮುಚ್ಚಿತ್ತು. 2019ರಲ್ಲಿ ಎರಡನೇ ಭಾಗದ ಚಿತ್ರೀಕರಣ ನಡೆದಾಗ ಗುಡ್ಡದ ಪರಿಸರಕ್ಕೆ ಧಕ್ಕೆ ಎಂದು ದೂರು ಹೋಗಿ, ನ್ಯಾಯಾಲಯದ ತಡೆ ಬಂದು ಕೆಲಸ ನಿಂತಿತು. ಸೈನೈಡ್ ಗುಡ್ಡದ ಆರೋಗ್ಯವನ್ನು ಸಿನಿಮಾದವರಿಂದ ಕಾಪಾಡಿದ ಈ ಪ್ರಸಂಗವನ್ನು ನಾನು ಭಕ್ತಿಯಿಂದ ನೆನೆಯುತ್ತೇನೆ. ನಾಲ್ಕು ದಿನದ ಮಟ್ಟಿಗೆ ಸೆಟ್ ಹಾಕಿದವರು ಸಿಕ್ಕಿಬಿದ್ದರು. ತಲೆಮಾರುಗಟ್ಟಲೆ ಸೆಟ್ ಹಾಕುವವರಿಗೆ ಲೀಸ್ ನವೀಕರಣವಾಗುತ್ತದೆ.

ಇನ್ನು ಸೇಡಂ. ಈ ತಾಲ್ಲೂಕಿನ ಮಳಖೇಡ ಕಲ್ಪಿತ ಊರಲ್ಲ. ಕಾಗಿಣಾ ದಂಡೆಯ ಈ ಮಾನ್ಯಖೇಟದಿಂದ ರಾಷ್ಟ್ರಕೂಟರು ದಖನ್ನನ್ನು ಆಳಿದರು. ಒಂಬತ್ತನೇ ಶತಮಾನದ ಅರಬ್ ಬರಹಗಾರರು ಜಗತ್ತಿನ ನಾಲ್ಕು ದೊಡ್ಡ ದೊರೆಗಳ ಸಾಲಿನಲ್ಲಿ ಇಲ್ಲಿನವನನ್ನು ಬಾಗ್ದಾದಿನ ಖಲೀಫ, ಚೀನಾ ಮತ್ತು ರೂಮಿನ ಚಕ್ರವರ್ತಿಗಳ ಜೊತೆ ಎಣಿಸಿದರು. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು. (ಅದರಲ್ಲೂ ಕನ್ನಡದ ತಿರುಳು ಇರುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವೆ ಎಂದು ಹೇಳಿ, ಗ್ರಂಥ ಬರೆಸಿದ ಊರನ್ನೇ ಗೆರೆಯಾಚೆ ಬಿಡಲಾಗಿದೆ. ನಮ್ಮನ್ನು ಹಾಸ್ಯನಟನ ಪಾತ್ರಕ್ಕೆ ಆರಿಸಿದ್ದು ಗಾಂಧಿನಗರ ಎಂದು ದೂರುವವರು ಇದನ್ನೂ ಗಮನಿಸಬೇಕು.) ಇಂದು ಮಳಖೇಡಕ್ಕೆ ಹೋದರೆ ಒಂದೇ ಚೌಕಟ್ಟಿನಲ್ಲಿ ಎರಡು ಸಾಮ್ರಾಜ್ಯ ಸಿಗುತ್ತವೆ: ಇತ್ತ ಕುಸಿದ ಕೋಟೆಗೋಡೆ, ಅತ್ತ ಸಿಮೆಂಟ್ ಕಾರ್ಖಾನೆಯ ಚಿಮಣಿ. ರಾತ್ರಿ ದೀಪ ಝಗಮಗಿಸುವುದು ಯಾವುದರಲ್ಲಿ ಎಂದು ಬಿಡಿಸಿ ಹೇಳುವುದು ಬೇಡ.

ಇಲ್ಲಿಂದ ಬೆಂಗಳೂರಿಗಿಂತ ಹೈದರಾಬಾದ್ ಎಷ್ಟೋ ಹತ್ತಿರ. ಅಲ್ಲಿನ ರಾಮೋಜಿ ಫಿಲ್ಮ್ ಸಿಟಿಯಲ್ಲಿ ‘ಬಾಹುಬಲಿ’ಗಾಗಿ ಸಾಬು ಸಿರಿಲ್ ಕಟ್ಟಿದ ಮಾಹಿಷ್ಮತಿ ಇದೆ. ಚಿನ್ನದ ಬಣ್ಣದ ಬೆಳಕು, ಆನೆ, ಮೆಟ್ಟಿಲು, ಎದೆಯುಬ್ಬಿಸುವ ಮೂಡು. ಜನ ಟಿಕೆಟ್ ತೆಗೆದು ಹೋಗಿ ಆ ಸಿಂಹಾಸನದ ಎದುರು ಫೋಟೊ ಹೊಡೆಸಿಕೊಂಡು ಬರುತ್ತಾರೆ. ಸೇಡಂನಿಂದಲೂ ಶಾಲಾ ಪ್ರವಾಸ ಹೋಗುತ್ತದೆ. ದಾರಿಯಲ್ಲಿ ಮಕ್ಕಳು ನಿಜವಾದ ರಾಜಧಾನಿಯೊಂದನ್ನು ಬೆನ್ನಿಗೆ ಬಿಟ್ಟು ಫೈಬರಿನ ರಾಜಧಾನಿ ನೋಡಲು ಹೊರಟಿರುವುದನ್ನು ಮೇಷ್ಟ್ರೂ ಹೇಳುವುದಿಲ್ಲ, ಅವರು ಟಿಕೆಟ್ ಎಣಿಸುವುದರಲ್ಲಿರುತ್ತಾರೆ.

ಸರ್ಕಾರವೂ ಸುಮ್ಮನೆ ಕುಳಿತಿಲ್ಲ. 2019ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವಾಯಿತು. ಸೆಟ್ಟು ಅದೇ, ನಟರು ಅವರೇ, ಟೈಟಲ್ ಕಾರ್ಡ್ ಹೊಸದು. ನನ್ನ ತಕರಾರೂ ಟೈಟಲ್ ಕಾರ್ಡಿನದೇ. ಗೋಥಮ್‌ನ ಕತ್ತಲೆ ಇಂಥವರದೆಂದು ತೆರೆಯ ಮೇಲೆ ಹೆಸರು ಬರುತ್ತದೆ, ಆ ಹೆಸರಿಗೆ ಪ್ರಶಸ್ತಿ ಬರುತ್ತದೆ, ಬೇಡವಾದವರು ಆ ಹೆಸರು ಹಿಡಿದು ಬೈಯಲೂಬಹುದು. ವಾಡಿಯ ಆಕಾಶಕ್ಕೆ, ಶಹಾಬಾದಿನ ಗುಂಡಿಗಳಿಗೆ, ಮಳಖೇಡದ ಗಾಳಿಗೆ ಮಾತ್ರ ಯಾರ ಹೆಸರೂ ಇಲ್ಲ. ಕೇಳಿದರೆ ‘ಹಿಂದುಳಿದ ಪ್ರದೇಶ’ ಎನ್ನುತ್ತಾರೆ, ಹಿಂದುಳಿಯುವುದು ನೈರುತ್ಯ ಮಾರುತದ ಹಾಗೆ ತಾನಾಗಿ ಬೀಸಿಬಂದಂತೆ. ಇಷ್ಟು ಅಚ್ಚುಕಟ್ಟಾದ ಕೆಲಸ ಮಾಡಿದವರು ಇಷ್ಟೊಂದು ಸಂಕೋಚ ಪಡಬಾರದು.

ಹಾಗೆಂದು ಒಂದು ಸಿನಿಮಾ ತಂಡ ವಾಡಿಗೆ ಬಂತೆಂದೇ ಕಲ್ಪಿಸಿಕೊಳ್ಳೋಣ. ಕನ್ನಡದ ಮೊದಲ ದೊಡ್ಡ ಸೂಪರ್‌ಹೀರೋ ಸಿನಿಮಾ, ಊರಿನ ಹೆಸರು ‘ಧೂಮಪುರ’. ಕಲಾ ನಿರ್ದೇಶಕರು ಕಪ್ಪು ಕನ್ನಡಕ ತೆಗೆದು ಸುತ್ತ ನೋಡುತ್ತಾರೆ, ಕನ್ನಡಕ ಮತ್ತೆ ಹಾಕಿಕೊಳ್ಳುತ್ತಾರೆ.

‘ಇಲ್ಲ ಕಣ್ರೀ, ಇದು ಜಾಸ್ತಿ ಆಯ್ತು. ಆಡಿಯನ್ಸ್ ನಂಬಲ್ಲ. ಗ್ರಾಫಿಕ್ಸ್ ಅಂತಾರೆ.’

‘ಗ್ರಾಫಿಕ್ಸ್ ಅಲ್ರೀ ಸರ, ಇದು ಬೆಳಿಗ್ಗಿನ ಶಿಫ್ಟಿಂದು ಅದ,’ ಎನ್ನುತ್ತಾನೆ ಚಹಾ ತಂದ ಹುಡುಗ, ಲೋಟದ ಮೇಲೆ ಅಂಗೈ ಮುಚ್ಚಿಕೊಂಡೇ. ‘ಮಧ್ಯಾಹ್ನ ಬರ್ರಿ, ಇನ್ನಾ ಚಲೋ ಕಾಣ್ತದ.’

‘ಕಂಟಿನ್ಯೂಟಿ ಸಿಗಲ್ಲಪ್ಪ. ಹೀರೋ ಕಾಸ್ಟ್ಯೂಮ್ ಕಪ್ಪು. ಎರಡು ಟೇಕ್ ಆಗೋದ್ರಲ್ಲಿ ಬೆಳ್ಳಗಾಗ್ತಾನೆ.’

ಕೊನೆಗೆ ಹೈದರಾಬಾದಿನಲ್ಲೇ ಸೆಟ್ ಹಾಕುವುದೆಂದು ತೀರ್ಮಾನವಾಗುತ್ತದೆ. ಶಹಾಬಾದ್ ಫರಸಿಯಂತೆ ಕಾಣುವ ಥರ್ಮಾಕೋಲು, ಚಿಮಣಿಯಂತೆ ಕಾಣುವ ಪ್ಲೈವುಡ್ಡು, ಧೂಳಿನಂತೆ ಕಾಣುವ ಮುಲ್ತಾನಿ ಮಣ್ಣು. ಕೆಲಸಕ್ಕೆ ಆಳು ಬೇಕು. ಸೇಡಂ, ಚಿಂಚೋಳಿ ಕಡೆಯವರು ಹೇಗೂ ದುಡಿಯಲು ಆ ಊರಿಗೇ ಹೋಗುವವರು, ನಲವತ್ತು ಹುಡುಗರನ್ನು ಮೇಸ್ತ್ರಿ ಟೆಂಪೋದಲ್ಲಿ ತುಂಬಿಸುತ್ತಾನೆ. ದಿನಗೂಲಿ ಇಷ್ಟು, ಊಟ ಪ್ರೊಡಕ್ಷನ್ನಿನದು, ಕೆಲಸ ಹಗುರ: ಡೈರೆಕ್ಟರ್ ‘ಆ್ಯಕ್ಷನ್’ ಅಂದಾಗ ದೊಡ್ಡ ಫ್ಯಾನಿನ ಮುಂದೆ ಬುಟ್ಟಿಯಿಂದ ಧೂಳು ಸುರಿಯಬೇಕು, ‘ಕಟ್’ ಅಂದಾಗ ನಿಲ್ಲಿಸಬೇಕು.

‘ಕಟ್ ಅಂದ್ರ ಧೂಳ ಖರೇನ ನಿಲ್ತದೇನ್ರೀ ಕಾಕಾ?’ ಎಂದು ಟೆಂಪೋ ಹತ್ತಿದ ಒಬ್ಬ ಹುಡುಗ ಕೇಳುತ್ತಾನೆ. ಹಿಂದಿನ ಸಿನಿಮಾಕ್ಕೆ ಹೋಗಿಬಂದ ಕಾಕಾ, ಅಲ್ಲಿ ಮೂಗಿಗೆ ಮಾಸ್ಕೂ ಕೊಡ್ತಾರೆ ಎನ್ನುತ್ತಾನೆ.