ಫ್ರೌ ನಂಜುಂಡಪ್ಪ ಮತ್ತು ಸ್ಟೀಲ್ ಡಬ್ಬಿ

ಏನ್ರೀ, ಜರ್ಮನಿಗೆ ಹೊರಟಿದ್ದೀರಂತೆ? ಟ್ಯೂಬಿಂಗನ್ ಯೂನಿವರ್ಸಿಟಿಗೆ, ಒಂದು ಸೆಮಿಸ್ಟರ್ ಎಕ್ಸ್‌ಚೇಂಜು? ಮುಚ್ಚಿಡ್ಬೇಡಿ, ಸ್ಟೇಟಸ್‌ನಲ್ಲಿ ವಿಮಾನದ ಚಿತ್ರ ಆಗ್ಲೇ ನೋಡಾಯ್ತು. (ವೀಸಾ ಬರೋಕ್ಕೆ ಮುಂಚೇನೇ ಹಾಕಿದ್ರಿ, ಅದೂ ಗೊತ್ತು.) ಸೂಟ್‌ಕೇಸ್ ತೂಕ ಎಷ್ಟಾಯ್ತು? ಪುಳಿಯೋಗರೆ ಗೊಜ್ಜು ಎರಡು ಕೇಜಿ, ಪುಸ್ತಕ ಸೊನ್ನೆ. ಸರಿ ತಾನೆ?

ಇರ್ಲಿ. ಇಳಿದ ಮೇಲೆ ಮೊದಲ ಕೆಲಸ ವಿಳಾಸ ನೋಂದಾಯಿಸೋದು. ಅನ್‌ಮೆಲ್ಡುಂಗ್ ಅಂತಾರೆ. ಮನೆ ಸೇರಿದ 2 ವಾರದೊಳಗೆ ಆಗ್ಬೇಕು, ಅದು ಕಾನೂನು. ಮನೆ ಕೊಟ್ಟವರ ಸಹಿ ಇರೋ ಫಾರಂ ಬೇಕು. ಅದಿಲ್ದೆ ಕಚೇರಿಗೆ ಹೋಗಿ, "ನಾಳೆ ತಂದ್ಕೊಡ್ತೀನಿ ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ" ಅಂತ ಹಲ್ಲು ಕಿರೀತೀರಿ, ನಂಗೊತ್ತು. ಆಕೆಯೂ ನಗ್ತಾರೆ. ನಗ್ತಾನೇ ಇನ್ನೊಂದು ಅಪಾಯಿಂಟ್‌ಮೆಂಟ್ ಕೊಟ್ಟು ಕಳಿಸ್ತಾರೆ.

ಆಮೇಲೆ ನಿಮ್ಮ ಹೆಸರು. ನಮ್ಮ ಕಡೆ ಎಷ್ಟೋ ಜನಕ್ಕೆ ಸರ್‌ನೇಮೇ ಇಲ್ಲ, ಇನಿಷಿಯಲ್ಲೇ ಎಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಆ ಖಾಲಿ ಜಾಗಕ್ಕೆ ಅಪ್ಪನ ಹೆಸರು ತುಂಬಿದ್ರಿ, ನೆನಪಿದೆಯಾ? ಈಗ ಅನುಭವಿಸಿ. ಹುಡುಗರಾದ್ರೆ ಹೆರ್ ನಂಜುಂಡಪ್ಪ. ಹುಡುಗಿಯಾದ್ರೆ ಫ್ರೌ ನಂಜುಂಡಪ್ಪ! ಕೌಂಟರ್‌ನಲ್ಲಿ ಆ ಹೆಸರು ಕೂಗಿದ್ರೆ ನೀವು ಗಾಬರಿಯಿಂದ ಹಿಂದೆ ತಿರುಗ್ತೀರಿ. (ಅಪ್ಪ ಇಲ್ಲಿಗೂ ಬಂದ್ರಾ?)

ನಗ್ಬೇಡಿ, ಆ ಹೆಸರನ್ನೇ ಡೋರ್‌ಬೆಲ್ಲಿಗೂ ಲೆಟರ್‌ಬಾಕ್ಸಿಗೂ ಅಂಟಿಸ್ಬೇಕು. ಅಲ್ಲಿ ಬಹಳ ಕಡೆ ಫ್ಲಾಟ್ ನಂಬರ್ ಅನ್ನೋದೇ ಇಲ್ಲ, ಪೋಸ್ಟ್‌ಮ್ಯಾನ್ ಹೆಸರು ನೋಡಿ ಹಾಕ್ತಾನೆ. ಹೆಸರಿಲ್ಲಾಂದ್ರೆ ಪತ್ರ ವಾಪಸ್. ಬ್ಯಾಂಕು, ಇನ್ಶೂರೆನ್ಸು, ಎಲ್ಲ ಬರೋದು ಕಾಗದದಲ್ಲೇ. ಇಂಡಸ್ಟ್ರಿ 4.0 ಅಂತ ಜಗತ್ತಿಗೆ ಪಾಠ ಹೇಳ್ಕೊಟ್ಟ ದೇಶ ಕಣ್ರೀ ಇದು!

ನೋಂದಣಿ ಆಯ್ತು ಅಂತ ಉಸಿರು ಬಿಟ್ರಾ? ಅದರ ಹಿಂದೆಯೇ ರೇಡಿಯೋ-ಟೀವಿ ಶುಲ್ಕದ ಪತ್ರ. ತಿಂಗಳಿಗೆ 18.36 ಯೂರೋ, ಮನೆಗಿಷ್ಟು ಅಂತ. "ನಮ್ಮನೇಲಿ ಟೀವೀನೇ ಇಲ್ಲ" ಅನ್ನೋ ವಾದ ನಡೆಯಲ್ಲ. (ಶೇರಿಂಗ್ ಮನೆಯಾದ್ರೆ ಒಬ್ಬರು ಕಟ್ಟಿದ್ರೆ ಸಾಕು. ಆ ಒಬ್ಬರು ಯಾರು ಅಂತ ನೀವು ಬಾತ್‌ರೂಮಿನಲ್ಲಿ ಅಡಗಿ ಕೂತು ಯೋಚಿಸ್ತೀರಿ.)

ಇನ್ನು ನಿಮ್ಮ ಗುಣಾಕಾರದ ಚಟ. ಒಂದು ಯೂರೋ ಅಂದ್ರೆ ನೂರು ರೂಪಾಯಿ ಆಸುಪಾಸು ಅಂತ ಹಿಡ್ಕೊಂಡು ಕಾಫಿ ರೇಟ್ ನೋಡ್ತೀರಿ, ಎದೆ ಹಿಡ್ಕೋತೀರಿ. "ಇಷ್ಟು ದುಡ್ಡಿಗೆ ನಮ್ಮ ದರ್ಶಿನೀಲಿ ಬಂಧುಬಳಗಕ್ಕೆಲ್ಲ ಫಿಲ್ಟರ್ ಕಾಫಿ ಕುಡಿಸ್ಬಹುದಿತ್ತು!" ನಿಜ. ಆದ್ರೆ ಊರಲ್ಲಿದ್ದಾಗ ನೀವು ಯಾವತ್ತಾದ್ರೂ ಯಾರಿಗಾದ್ರೂ ಕುಡಿಸಿದ್ದುಂಟಾ?

ಅದೇ ಗುಣಾಕಾರ ಒಂದು ಸಂತೋಷವನ್ನೂ ಕೊಡುತ್ತೆ. ಕುಡಿದ ಪ್ಲಾಸ್ಟಿಕ್ ಬಾಟ್ಲಿ, ಕ್ಯಾನ್ ಸೂಪರ್‌ಮಾರ್ಕೆಟ್ಟಿನ ಮೆಷಿನ್ನಿಗೆ ಹಾಕಿದ್ರೆ ಒಂದೊಂದಕ್ಕೂ 25 ಸೆಂಟ್ ಡಿಪಾಜಿಟ್ ವಾಪಸ್. ಇಪ್ಪತ್ತೈದು ರೂಪಾಯಿ! ಊರಲ್ಲಿ ಹಳೇ ಪೇಪರ್‌ನವನ ತಕ್ಕಡಿ ಕಡೆ ತಿರುಗಿಯೂ ನೋಡದವರು, ಅಲ್ಲಿ ಪಾರ್ಕಿನ ಬೆಂಚಿನಡಿ ಬಗ್ಗಿ ನೋಡ್ತಿದ್ದೀರಿ. ಯಾರಿಗೂ ಹೇಳಲ್ಲ ಬಿಡಿ.

ಈಗ ಮುಖ್ಯ ವಿಷಯ. ಅಮ್ಮ ಒಂದು ಸ್ಟೀಲ್ ಡಬ್ಬಿ ಇಟ್ಟಿದ್ರಲ್ಲ, "ಅಯ್ಯೋ ಇದ್ಯಾಕೆ, ಮಾನ ಹೋಗುತ್ತೆ" ಅಂತ ಸೂಟ್‌ಕೇಸಿಂದ ತೆಗೆದ್ರಲ್ಲ, ಅದನ್ನ ವಾಪಸ್ ಇಡಿ. ಟ್ಯೂಬಿಂಗನ್ನಿನಲ್ಲಿ ಒಂದು ಸಲ ಬಳಸಿ ಬಿಸಾಡೋ ಕಪ್ಪು, ಪೆಟ್ಟಿಗೆಗಳ ಮೇಲೆ 2022ರಿಂದ ತೆರಿಗೆ ಇದೆ. ಕಪ್ಪಿಗೆ 50 ಸೆಂಟ್, ಚಮಚಕ್ಕೆ 20. ಪಾರ್ಸಲ್ ಮಾರೋ ಅಂಗಡಿಯವರೊಬ್ಬರು ಕೇಸು ಹಾಕಿದ್ರು, ಅದು ಅಲ್ಲಿನ ಸಂವಿಧಾನ ಕೋರ್ಟಿನ ತನಕ ಹೋಯ್ತು. 2025ರ ಜನವರಿಯಲ್ಲಿ ತೀರ್ಪು ಬಂತು: ತೆರಿಗೆ ಸರಿಯಾಗೇ ಇದೆ. ಅಂದ್ರೆ ನಿಮ್ಮಮ್ಮ ಗೆದ್ರು.

ಡಬ್ಬಿ ಕೈಲಿ ಹಿಡ್ಕೊಂಡು ಕ್ಯೂನಲ್ಲಿ ನಿಂತು ನೋಡಿ. ಹಿಂದಿರೋ ಹುಡುಗಿ "ಎಷ್ಟು ಚೆನ್ನಾಗಿದೆ, ಎಲ್ಲಿ ಸಿಗುತ್ತೆ?" ಅಂತಾಳೆ. "ನಮ್ಮ ಅಜ್ಜಿ ಮದುವೆಗೆ ಉಡುಗೊರೆ ಬಂದಿದ್ದು" ಅನ್ನೋಕೆ ನಿಮಗೆ ಅದೇನು ಹೆಮ್ಮೆ! ಹೋದ ವಾರ ಇದೇ ಡಬ್ಬೀನ ಮಂಚದ ಕೆಳಗೆ ತಳ್ಳಿದವರು ಯಾರಪ್ಪ?

ಭಾನುವಾರದ ಕತೆ ಬೇಗ ಮುಗಿಸ್ತೀನಿ. ಅಂಗಡಿ ಬಾಗಿಲು ಬಂದ್. ದಿನಸಿ, ಬಟ್ಟೆ, ಚಪ್ಪಲಿ, ಏನೂ ಸಿಗಲ್ಲ. ಗಾಜಿನ ಬಾಟ್ಲಿಯನ್ನ ಬೀದಿ ಡಬ್ಬಿಗೆ ಹಾಕೋ ಹಾಗೂ ಇಲ್ಲ, ಸದ್ದಾಗುತ್ತೆ. ಶನಿವಾರ ರಾತ್ರಿ ಬಂದಿಳಿದವರ ಗತಿ? ಅದಕ್ಕೇ ಗೊಜ್ಜಿನ ತೂಕದ ಬಗ್ಗೆ ನಾನು ಹೆಚ್ಚು ಮಾತಾಡ್ಲಿಲ್ಲ.

ಮತ್ತೆ ಕೇರ್‌ವೋಹೆ. ಅದು ಟ್ಯೂಬಿಂಗನ್ ಇರೋ ಶ್ವಾಬಿಯಾ ಸೀಮೆಯ ಪದ್ಧತಿ. ಮೆಟ್ಟಿಲು, ಮನೆ ಮುಂದಿನ ದಾರಿ ಗುಡಿಸೋದು ವಾರಕ್ಕೊಬ್ಬರ ಪಾಳಿ, ಬಾಗಿಲಿಗೆ ಒಂದು ಫಲಕ ತಂದು ನೇತು ಹಾಕ್ತಾರೆ. ಊರಲ್ಲಿ ಪೊರಕೆ ಎಲ್ಲಿದೆ ಅಂತಾನೂ ಗೊತ್ತಿಲ್ಲದ ನಿಮಗೆ ಇದು ಕ್ಲಾಸಿಗಿಂತ ಕಷ್ಟದ ಸಬ್ಜೆಕ್ಟು. ಕೆಲಸದವರು ರಜಾ ಹಾಕಿದ್ದಾರೆ ಅನ್ನೋಕ್ಕಾಗಲ್ಲ. ಕೆಲಸದವರು ನೀವೇ.

ಕ್ಲಾಸಿನ ಟೈಮ್ ಬಗ್ಗೆ ಕೇಳಿದ್ರೆ ಕುಣಿದಾಡ್ತೀರಿ. ವೇಳಾಪಟ್ಟಿಯಲ್ಲಿ 10 ಗಂಟೆ, ಪಕ್ಕದಲ್ಲಿ 'ಸಿ.ಟಿ.' ಅಂತಿದ್ರೆ ಪಾಠ ಶುರುವಾಗೋದು 10.15ಕ್ಕೆ. ಹದಿನೈದು ನಿಮಿಷ ಲೇಟು, ಅಧಿಕೃತವಾಗಿ! ನಮ್ಮ ಮದುವೆ ಕಾಗದಗಳಿಗೂ ಇದು ಬರಬೇಕಿತ್ತು ಅಲ್ವಾ? ಆದ್ರೆ 10.15 ಅಂದ್ರೆ 10.15. ಆ ಲೇಟಿನ ಮೇಲೆ ನಿಮ್ಮದೊಂದು ಲೇಟು ಸೇರಿಸ್ಬೇಡಿ. ಪಾಠ ಮುಗಿದ ಮೇಲೆ ಎಲ್ರೂ ಡೆಸ್ಕ್ ಕುಟ್ಟಿದ್ರೆ ಹೆದರ್ಬೇಡಿ, ಅದು ಗಲಾಟೆ ಅಲ್ಲ, ಮೆಚ್ಚುಗೆ.

ಭಾಷೆ? "ಎಲ್ರಿಗೂ ಇಂಗ್ಲಿಷ್ ಬರುತ್ತೆ ಬಿಡಿ" ಅಂದ್ರಾ? ಅದೇ ಟ್ಯೂಬಿಂಗನ್ನಿನಲ್ಲಿ 1903ರಲ್ಲಿ ತೀರಿಕೊಂಡ ಫರ್ಡಿನಾಂಡ್ ಕಿಟೆಲ್, ನಮ್ಮ ನಾಡಿಗೆ ಬಂದು ಕನ್ನಡ ಕಲಿತು 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೇ ಕೊಟ್ರು. ನೀವು ಆ್ಯಪ್‌ನಲ್ಲಿ 'ಗುಟನ್ ಟಾಗ್' ತನಕ ಬಂದು ನಿಂತಿದ್ದೀರಿ. (ಆ್ಯಪಿನ ಹಸಿರು ಗೂಬೆ ದಿನಾ ನೋಟಿಫಿಕೇಶನ್ ಕಳಿಸಿ ಸುಸ್ತಾಗಿದೆ.)

ಕೊನೇ ಮಾತು ನಿಮಗಲ್ಲ, ಬಾಗಿಲ ಮರೆಯಿಂದ ಇದನ್ನೆಲ್ಲ ಕೇಳಿಸ್ಕೊಳ್ತಿರೋ ನಿಮ್ಮಮ್ಮಂಗೆ. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಅಲ್ಲಿ ನಿಶ್ಶಬ್ದದ ಹೊತ್ತು, ಮತ್ತೆ ನಮ್ಮವರು ಫೋನಲ್ಲಿ ಪಿಸುಗುಟ್ಟಿದ ದಾಖಲೆ ಎಲ್ಲೂ ಇಲ್ಲ. ದೇವರ ದೀಪ ಹಚ್ಚಿ ಐದೂವರೆಗೆ "ತಿಂದ್ಯಾ ಮಗಾ?" ಅಂತ ಫೋನ್ ಮಾಡಿದ್ರೆ ಚಳಿಗಾಲದಲ್ಲಿ ಅಲ್ಲಿ ನಡುರಾತ್ರಿ ಒಂದು ಗಂಟೆ. ಹನ್ನೊಂದು ಹೊಡೆದ ಮೇಲೆ ಮಾಡಿ ಅಮ್ಮಾ. ಅಲ್ಲಿ ಆರೂವರೆ ಆಗಿರುತ್ತೆ. ಮಗು ಎದ್ದಿರಲ್ಲ, ಆದ್ರೆ ಪಕ್ಕದ ರೂಮಿನವರು ಬೈಯೋ ಹಾಗಿಲ್ಲ.